ನೈಲ್‌ನಿಂದ ಡೋಣಿಯವರೆಗೆ: ಆಫ್ರಿಕದ ನಂಟು ಹುಡುಕಿದ ಒಂದು ಶತಮಾನ

ಈಜಿಪ್ತಿನ ಆಕ್ಸಿರಿಂಕಸ್ ಎಂಬ ಹಾಳೂರಿನ ಕಸದ ದಿಬ್ಬಗಳನ್ನು ಅಗೆದು ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು ಇಂಗ್ಲಿಷ್ ವಿದ್ವಾಂಸರು ಸಾವಿರಾರು ಪಪೈರಸ್ ಚೂರುಗಳನ್ನು ಹೊರತೆಗೆದರು. ಅವರು 1903ರಲ್ಲಿ ಅಚ್ಚು ಹಾಕಿಸಿದ ಸಂಪುಟದಲ್ಲಿ 413ನೆಯದು ಕ್ರಿ.ಶ. 2ನೆಯ ಶತಮಾನದ ಸುಮಾರಿನ ಒಂದು ಗ್ರೀಕ್ ಪ್ರಹಸನ. ಚಾರಿಟಿಯನ್ ಎಂಬ ಗ್ರೀಕ್ ಹೆಣ್ಣುಮಗಳು ಭಾರತದ ಕಡಲತಡಿಯಲ್ಲಿ ಸೆರೆಸಿಕ್ಕಿದ್ದಾಳೆ. ಬಿಡಿಸಲು ಬಂದವರು ಅಲ್ಲಿನ ಅರಸನಿಗೂ ಅವನ ಮಂದಿಗೂ ಹೆಂಡ ಕುಡಿಸಿ, ಅಮಲೇರಿದ ಹೊತ್ತಿನಲ್ಲಿ ಅವಳನ್ನು ಹಡಗು ಹತ್ತಿಸುತ್ತಾರೆ. ಆ ಅರಸನ ಬಾಯಲ್ಲಿ ಗ್ರೀಕ್ ಅಲ್ಲದ ಮಾತುಗಳಿವೆ. 1904ರಲ್ಲಿ ಶಾಸನತಜ್ಞ ಹುಲ್ಶ್ ಅವು ಕನ್ನಡದ ಮಾತುಗಳಿರಬಹುದು ಎಂದರು. ಆರ್. ಶಾಮಶಾಸ್ತ್ರಿಗಳು ಆ ಓದನ್ನು ಮುಂದುವರಿಸಿದರು, ಬಿ.ಎ. ಸಾಲೆತೊರೆ ಮತ್ತು ಮಂಜೇಶ್ವರ ಗೋವಿಂದ ಪೈಗಳು ಅದರಲ್ಲಿ ಕರಾವಳಿಯನ್ನು ಕಂಡರು, ಮುಂದೆ ಅದು ತುಳು ಎಂಬ ವಾದವೂ ಬಂತು. 1926ರಲ್ಲೇ ಬಾರ್ನೆಟ್ ಈ ಕನ್ನಡ ಓದನ್ನು ಅಲ್ಲಗಳೆದಿದ್ದರು. ಕನ್ನಡನಾಡನ್ನು ಆಫ್ರಿಕಕ್ಕೆ ಜೋಡಿಸುವ ವಿದ್ವತ್ತು ಹೀಗೆ ಒಬ್ಬ ಕುಡುಕ ಅರಸನ ತೊದಲು ಮಾತಿನಿಂದ ಶುರುವಾಯಿತು. ಅಂದಿನಿಂದ ಇಂದಿನವರೆಗಿನ ಅಧ್ಯಯನಗಳನ್ನು ಸಾಲಾಗಿ ಇಟ್ಟು ನೋಡಿದರೆ ನನಗೆ ಕಾಣುವುದು ಇಷ್ಟು: ಎರಡು ಜನಗಳ ನಡುವೆ ನಂಟಿತ್ತೆಂದು ಹೇಳಲು ಹೋಲಿಕೆ ಸಾಲದು. ಯಾರು, ಯಾವಾಗ, ಯಾವ ದಾರಿಯಲ್ಲಿ, ಏನನ್ನು ಹೊತ್ತು ಬಂದರು ಎಂಬುದು ಕಾಣಬೇಕು. ಹಾಗೆ ಕೇಳಲು ತೊಡಗಿದ ಮೇಲೆ ಕರ್ನಾಟಕದ ಆಫ್ರಿಕ ನಂಟಿನ ಗಟ್ಟಿ ಸಾಕ್ಷ್ಯ ಪದಪಟ್ಟಿಗಳನ್ನು ಬಿಟ್ಟು ವಿಜಯಪುರದ ಹೊಲಗಳಿಗೂ ಗೋರಿಗಳಿಗೂ ಬಂದು ನಿಲ್ಲುತ್ತದೆ.

ಇದೇ ಪಾಠವನ್ನು ಈಜಿಪ್ತಿನ ಅಧ್ಯಯನವೂ ಕಷ್ಟಪಟ್ಟು ಕಲಿತದ್ದು. ಶಾಂಪೋಲಿಯೋ 1822ರಲ್ಲಿ ಚಿತ್ರಲಿಪಿಯ ಗುಟ್ಟು ಬಿಡಿಸಿದ ಮೇಲೆ ಯುರೋಪಿನ ವಿದ್ವಾಂಸರು ಈಜಿಪ್ತನ್ನು ಆಫ್ರಿಕದ ನೆಲದಲ್ಲಿಟ್ಟೂ ಆಫ್ರಿಕದಿಂದ ಬೇರೆ ಮಾಡುವ ಯತ್ನದಲ್ಲೇ ನೂರು ವರ್ಷ ಕಳೆದರು. ಆಫ್ರಿಕದಲ್ಲಿ ಎಲ್ಲಿ ಅರಸೊತ್ತಿಗೆ ಕಂಡರೂ, ಎಲ್ಲಿ ದನಗಾಹಿ ನಾಗರಿಕತೆ ಕಂಡರೂ ಅದನ್ನು ಹೊರಗಿನಿಂದ ಬಂದ 'ಹ್ಯಾಮಿಟಿಕ್' ಎಂಬ ಬಿಳಿಜನರ ಖಾತೆಗೆ ಬರೆದರು. ಸೆಲಿಗ್‌ಮನ್ 1930ರಲ್ಲಿ ಬರೆದ ಆಫ್ರಿಕದ ಜನಾಂಗಗಳ ಪುಸ್ತಕ ಈ ಎಣಿಕೆಗೆ ಪಠ್ಯದ ಮರ್ಯಾದೆ ಕೊಟ್ಟಿತು. ಸೆನೆಗಲ್‌ನ ಚೇಖ್ ಅಂತಾ ದಿಯೋಪ್ 1954ರ ತಮ್ಮ ಗ್ರಂಥದಲ್ಲಿ ಇದನ್ನು ನೇರವಾಗಿ ತಿರುಗಿಸಿದರು. ಈಜಿಪ್ತಿನವರು ಕಪ್ಪುಜನರೇ, ಅವರ ನುಡಿ ತಮ್ಮ ತಾಯ್ನುಡಿಯಾದ ವೊಲೊಫ್‌ನ ಬಂಧು ಎಂಬುದು ಅವರ ವಾದ. ಯುನೆಸ್ಕೊ 1974ರಲ್ಲಿ ಕೈರೋದಲ್ಲಿ ಕರೆದ ವಿದ್ವತ್ಸಭೆಯಲ್ಲಿ ದಿಯೋಪ್ ಮತ್ತು ಕಾಂಗೋದ ತಿಯೋಫಿಲ್ ಒಬೆಂಗಾ ಇದನ್ನು ಮಂಡಿಸಿದರು. ಸಿದ್ಧತೆಯಲ್ಲಿ ಅವರಿಬ್ಬರಿಗೆ ಸಮನಾದವರು ಎದುರು ಪಕ್ಷದಲ್ಲಿ ಹೆಚ್ಚಿರಲಿಲ್ಲ, ಆದರೂ ಸಭೆ ಒಮ್ಮತಕ್ಕೆ ಬರಲಿಲ್ಲ.

ಉತ್ತರ ಬೇರೆ ಕಡೆಯಿಂದ ಬಂತು. ಅಮೆರಿಕದ ಜೋಸೆಫ್ ಗ್ರೀನ್‌ಬರ್ಗ್ 1963ರಲ್ಲಿ ಆಫ್ರಿಕದ ನುಡಿಗಳನ್ನು ವಿಂಗಡಿಸುವಾಗ 'ಹ್ಯಾಮಿಟಿಕ್' ಎಂಬ ಹೆಸರನ್ನೇ ಕಿತ್ತುಹಾಕಿ, ಪ್ರಾಚೀನ ಈಜಿಪ್ತಿನ ನುಡಿ, ಸೆಮಿಟಿಕ್, ಬರ್ಬರ್, ಇಥಿಯೋಪಿಯದ ಕುಶಿಟಿಕ್ ಮತ್ತು ನೈಜೀರಿಯದ ಹೌಸಾ ಸೇರಿದ ಚಾಡಿಕ್ ಇವೆಲ್ಲ ಒಂದೇ ಆಫ್ರೋ-ಏಷಿಯಾಟಿಕ್ ಕುಟುಂಬದ ಸಮಾನ ಕವಲುಗಳು ಎಂದರು. ಇದರ ಹೆಚ್ಚಿನ ಕವಲುಗಳು ಇರುವುದು ಆಫ್ರಿಕದಲ್ಲೇ. ಅಂದರೆ ಈಜಿಪ್ತಿನ ನುಡಿ ಆಫ್ರಿಕದ್ದೇ, ಆದರೆ ವೊಲೊಫ್‌ನ ಹತ್ತಿರದ ನಂಟನಲ್ಲ. ವೊಲೊಫ್ ಇರುವುದು ನೈಜರ್-ಕಾಂಗೋ ಎಂಬ ಬೇರೆ ಕುಟುಂಬದಲ್ಲಿ. ದಿಯೋಪ್ ಕೇಳಿದ ಪ್ರಶ್ನೆ ಸರಿಯಿತ್ತು, ಹೋಲಿಕೆ ಹಿಡಿದ ಜಾಗ ತಪ್ಪಿತ್ತು. ಸಂಸ್ಕೃತಿಯ ಸಾಕ್ಷ್ಯವೂ ಇದನ್ನೇ ಹೇಳುತ್ತದೆ. ದಕ್ಷಿಣ ಈಜಿಪ್ತಿನ ಮರುಭೂಮಿಯ ನಬ್ತಾ ಪ್ಲಾಯಾದಲ್ಲಿ ದನಗಾಹಿಗಳು ನೆಲೆನಿಂತ ಕುರುಹುಗಳಿವೆ. ನೂಬಿಯದ ಅರಸರು ಕ್ರಿ.ಪೂ. 8ನೆಯ ಶತಮಾನದಲ್ಲಿ ಇಡೀ ಈಜಿಪ್ತನ್ನು ಗೆದ್ದು 25ನೆಯ ರಾಜವಂಶವಾಗಿ ಆಳಿದರು. ನದಿಯ ಮೇಲ್ದಂಡೆಗೂ ಕೆಳದಂಡೆಗೂ ನಡೆದ ಕೊಡುಕೊಳೆ ಮೂರು ಸಾವಿರ ವರ್ಷದ್ದು. 2017ರಲ್ಲಿ ಅಬುಸಿರ್ ಎಲ್-ಮಲೆಕ್‌ನ ಮಮ್ಮಿಗಳ ಡಿಎನ್‌ಎ ಪರೀಕ್ಷೆ ಪಶ್ಚಿಮ ಏಷ್ಯದ ನಂಟನ್ನು ತೋರಿಸಿತು ಎಂಬ ಸುದ್ದಿ ದೊಡ್ಡದಾಯಿತು. ಆದರೆ ಅದು ಒಂದೇ ಊರಿನ, ಈಜಿಪ್ತಿನ ಇತಿಹಾಸದ ಕೊನೆಯ ಭಾಗದ ಮಾದರಿ. ಅದನ್ನು ಹಿಡಿದು ಇಡೀ ಫರೋಗಳ ನಾಡಿನ ಬಣ್ಣ ನಿರ್ಧರಿಸುವುದು ಹಳೆಯ ಚಾಳಿಯ ಹೊಸ ರೂಪ.

ದಿಯೋಪ್‌ರ ದಕಾರ್‌ನಿಂದಲೇ ಈ ವಾದದ ಒಂದು ಕೊಂಬೆ ಕನ್ನಡನಾಡಿಗೆ ಚಾಚಿತು. ಅದಕ್ಕೂ ಮೊದಲೇ, 1932ರಲ್ಲಿ, ಎಡ್ವಿನ್ ಟಟಲ್ ದ್ರಾವಿಡ ಮತ್ತು ನೂಬಿಯನ್ ನುಡಿಗಳನ್ನು ಹೋಲಿಸಿದ್ದರು. ಫ್ರಾನ್ಸಿನ ಲಿಲಿಯಾಸ್ ಓಂಬುರ್ಜೆ ಸೆನೆಗಲ್ ಪ್ರದೇಶದ ನುಡಿಗಳನ್ನು ಒಮ್ಮೆ ಈಜಿಪ್ತಿಗೂ ಇನ್ನೊಮ್ಮೆ ದ್ರಾವಿಡಕ್ಕೂ ಜೋಡಿಸಿ, 1950ರ ದಶಕದಲ್ಲಿ ಈಜಿಪ್ತ್ ಮತ್ತು ದ್ರಾವಿಡಕ್ಕೆ ಸಮಾನವಾದ ಅಂಶಗಳ ಬಗ್ಗೆಯೇ ಬರೆದರು. ಸೆನೆಗಲ್‌ನ ಕವಿ-ಅಧ್ಯಕ್ಷ ಸೆಂಗೋರ್ ದ್ರಾವಿಡ ಮತ್ತು ಕಪ್ಪು ಆಫ್ರಿಕದ ಒಳನಂಟಿನಲ್ಲಿ ಆಳವಾದ ಆಸ್ಥೆಯಿಟ್ಟು 1974ರಲ್ಲಿ ಮದ್ರಾಸಿನಲ್ಲಿ ಆ ಬಗ್ಗೆ ಮಾತಾಡಿದರು. ಆ ದಶಕದಲ್ಲಿ ದಕಾರ್‌ನಲ್ಲಿ ಕೆಲಸ ಮಾಡಿದ ಉಡುಪಿ ಸೀಮೆಯ ಯು.ಪಿ. ಉಪಾಧ್ಯಾಯ ಮತ್ತು ಸುಶೀಲಾ ಪಿ. ಉಪಾಧ್ಯಾಯ ದಂಪತಿ 1976ರಲ್ಲಿ ದ್ರಾವಿಡ ಹಾಗೂ ನೀಗ್ರೋ-ಆಫ್ರಿಕನ್ ನುಡಿಗಳ ಧ್ವನಿ, ಪದ, ರಚನೆಗಳ ಹೋಲಿಕೆಯನ್ನು ಪ್ರಕಟಿಸಿ, ಮುಂದೆ ಅದನ್ನು ಪುಸ್ತಕವಾಗಿಯೂ ಬೆಳೆಸಿದರು. ಇವರು ಹವ್ಯಾಸಿಗಳಲ್ಲ. ಆರು ಸಂಪುಟಗಳ ತುಳು ನಿಘಂಟನ್ನು ಕಟ್ಟಿದ ಉಪಾಧ್ಯಾಯರು ನುಡಿಯ ಕ್ಷೇತ್ರಕಾರ್ಯದಲ್ಲಿ ನಮ್ಮ ದೊಡ್ಡವರಲ್ಲೊಬ್ಬರು. ಹಾಗಾಗಿ ಅವರ ಈ ವಾದವನ್ನು ನಕ್ಕು ಬದಿಗಿಡುವುದಕ್ಕಿಂತ ತೂಗಿ ನೋಡುವುದು ನ್ಯಾಯ.

ತೂಗುವ ಬಗೆ ನಮ್ಮದೇ ನುಡಿಯಲ್ಲಿದೆ. ತಮಿಳಿನ ಪಾಲ್ ಕನ್ನಡದಲ್ಲಿ ಹಾಲು, ಪುಲಿ ಹುಲಿ, ಪುಲ್ ಹುಲ್ಲು. ಪಕಾರ ಹಕಾರವಾದದ್ದು ಒಂದೆರಡು ಪದಗಳಲ್ಲಿ ಅಲ್ಲ, ಸಾಲುಸಾಲು ಪದಗಳಲ್ಲಿ, ಅದೂ ನಮ್ಮ ಶಾಸನಗಳಲ್ಲಿ ಶತಮಾನ ಹಿಡಿದು ಗುರುತಿಸಬಹುದಾದಷ್ಟು ಸ್ಪಷ್ಟವಾಗಿ. ಕಿವಿ ತಮಿಳಿನಲ್ಲಿ ಚೆವಿ, ಕಿರಿದು ಚಿಱಿದು: ಇಲ್ಲೂ ಅದೇ ಶಿಸ್ತು. ಕಾಲ್ಡ್‌ವೆಲ್ 1856ರಲ್ಲಿ ಹಾಕಿದ ಅಡಿಪಾಯದ ಮೇಲೆ ಬರೋ-ಎಮೆನೋ ನಿಘಂಟು ಮತ್ತು ಭದ್ರಿರಾಜು ಕೃಷ್ಣಮೂರ್ತಿಯವರ ಕೆಲಸ ನಿಂತಿರುವುದು ಈ ಶಿಸ್ತಿನ ಮೇಲೆ. ಈಜಿಪ್ತಿನ ನುಡಿಯ ಕಡೆಯ ರೂಪವಾದ ಕಾಪ್ಟಿಕ್‌ನಲ್ಲಿ ನಾಲಗೆಗೆ ಲಾಸ್, ಬರ್ಬರ್‌ನಲ್ಲಿ ಇಲೆಸ್, ಅರಬ್ಬಿಯಲ್ಲಿ ಲಿಸಾನ್ ಎನ್ನುವಾಗಲೂ ಹಿಂದೆ ಇಂಥ ಸಾಲುಗಳಿವೆ. ದ್ರಾವಿಡ-ಆಫ್ರಿಕ ಪಟ್ಟಿಗಳಲ್ಲಿ ಸಿಗದೇ ಹೋದದ್ದು ಇದೇ. ಪ್ರತ್ಯಯಗಳನ್ನು ಒಂದರ ಹಿಂದೊಂದು ಅಂಟಿಸುವ ರಚನೆ ತುರ್ಕಿಯಲ್ಲೂ ಜಪಾನಿನಲ್ಲೂ ಇದೆ. ಅಪ್ಪ, ಅಮ್ಮ ಎಂಬಂಥ ಎಳೆಗೂಸಿನ ಬಾಯಿಂದ ಮೊದಲು ಬರುವ ಪದಗಳು ಕೊರಿಯದಲ್ಲೂ ಹಾಗೇ ಕೇಳಿಸುತ್ತವೆ. ನೂರಾರು ಆಫ್ರಿಕನ್ ನುಡಿಗಳನ್ನು ಒಂದು ಕಡೆ, ಇಪ್ಪತ್ತಕ್ಕೂ ಮಿಕ್ಕ ದ್ರಾವಿಡ ನುಡಿಗಳನ್ನು ಇನ್ನೊಂದು ಕಡೆ ಗುಡ್ಡೆ ಹಾಕಿ ಹುಡುಕಿದರೆ ನಾಲ್ಕು ಹೋಲುವ ಪದ ಸಿಗದಿದ್ದರೇ ಅಚ್ಚರಿ. ಆಕ್ಸಿರಿಂಕಸ್ ಪ್ರಹಸನಕ್ಕೂ ಇದೇ ಅಳತೆಗೋಲು. ಪದ ಎಲ್ಲಿ ಮುಗಿಯುತ್ತದೆ, ಎಲ್ಲಿ ಶುರುವಾಗುತ್ತದೆ ಎಂದು ತಿಳಿಯದ ಅಕ್ಷರಮಾಲೆಯನ್ನು ಬೇಕಾದಲ್ಲಿ ಕತ್ತರಿಸುವ ಸ್ವಾತಂತ್ರ್ಯ ಇದ್ದರೆ ಅದು ಕನ್ನಡವೂ ಆದೀತು, ತುಳುವೂ ಆದೀತು, ನಗಿಸಲೆಂದೇ ಕಟ್ಟಿದ ಗೊಣಗಾಟವೂ ಆದೀತು. ನನ್ನ ಮಟ್ಟಿಗೆ ಮೂರನೆಯದೇ ಹೆಚ್ಚು ಸಂಭವ.

ಇಲ್ಲೊಂದು ಆಕ್ಷೇಪ ಬರುತ್ತದೆ, ಅದು ಹಗುರವಾದದ್ದಲ್ಲ. ದಾರಿ ತೋರಿಸು, ದಾಖಲೆ ತೋರಿಸು ಎಂದು ಕೇಳುವುದು ಬರಹ ಇದ್ದವರ ಅಹಂಕಾರವಲ್ಲವೇ? ಬರೆದಿಡದ ಜನರ ಓಡಾಟಕ್ಕೆ ಕಾಗದ ಎಲ್ಲಿಂದ ಬರಬೇಕು? ದಿಯೋಪ್ ಬಳಗದ ಸಿಟ್ಟಿನ ಬೇರೂ ಇದೇ. ಆದರೆ ದಾಖಲೆ ಎಂದರೆ ಕಾಗದವೇ ಆಗಬೇಕಿಲ್ಲ. ಈಜಿಪ್ತಿನ ಕೆಂಪುಸಮುದ್ರದ ಬಂದರು ಬೆರೆನಿಕೆಯಲ್ಲಿ ಭಾರತದ ಹರವಿಯೊಂದರಲ್ಲಿ ಏಳೂವರೆ ಕಿಲೋ ಕರಿಮೆಣಸು ಸಿಕ್ಕಿದೆ. ಕ್ರಿ.ಪೂ. 1213ರಲ್ಲಿ ತೀರಿಕೊಂಡ ಎರಡನೆಯ ರಾಮ್ಸೆಸ್‌ನ ಮಮ್ಮಿಯ ಮೂಗಿನಲ್ಲೂ ಮೆಣಸಿನ ಕಾಳುಗಳಿದ್ದವು. ಇವು ಇತ್ತಿನಿಂದ ಅತ್ತ ಹೋದವು. ಅತ್ತಿನಿಂದ ಇತ್ತ ಬಂದದ್ದು ಇನ್ನೂ ದೊಡ್ಡದು. ಜೋಳ, ಸಜ್ಜೆ, ರಾಗಿ, ಅಲಸಂದೆ, ಅವರೆ: ಈ ಐದೂ ಆಫ್ರಿಕದಲ್ಲಿ ಹುಟ್ಟಿದ ಬೆಳೆಗಳು. ನಬ್ತಾ ಪ್ಲಾಯಾದ ಒಲೆಗಳ ಬಳಿ ಎಂಟು ಸಾವಿರ ವರ್ಷ ಹಿಂದಿನ ಕಾಡುಜೋಳದ ಕಾಳುಗಳು ಸಿಕ್ಕಿವೆ. ಪೂರ್ವ ಸುಡಾನಿನ ಮಡಕೆಚೂರುಗಳಲ್ಲಿ ಕ್ರಿ.ಪೂ. 4ನೆಯ ಸಹಸ್ರಮಾನದ ಸಾಗುವಳಿ ಜೋಳದ ಅಚ್ಚು ಉಳಿದದ್ದನ್ನು 2017ರಲ್ಲಿ ಗುರುತಿಸಲಾಯಿತು. ಇತ್ತ ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ ಎಂ.ಎಸ್. ನಾಗರಾಜರಾಯರು 1965ರಲ್ಲಿ ಅಗೆದ ನೆಲೆ ಈ ಚರ್ಚೆಗೆ ಕರ್ನಾಟಕವನ್ನು ಎಳೆದುತಂದಿತು. ಮೊದಲು ಅಲ್ಲಿ ರಾಗಿ ಸಿಕ್ಕಿತೆಂದು ವರದಿಯಾಯಿತು. ಸಸ್ಯಪುರಾತತ್ತ್ವಜ್ಞ ಡೋರಿಯನ್ ಫುಲ್ಲರ್ ಇಂಥ ಹಳೆಯ ಗುರುತುಗಳನ್ನೆಲ್ಲ ಮತ್ತೆ ಪರೀಕ್ಷಿಸಿ, ರಾಗಿ ಎಂದದ್ದರಲ್ಲಿ ಎಷ್ಟೋ ಅನುಮಾನಕ್ಕೆ ಎಡೆಯಿದೆ ಎಂದರು. ಸಜ್ಜೆ ಮತ್ತು ಅವರೆ ಮಾತ್ರ ಕ್ರಿ.ಪೂ. ಎರಡನೆಯ ಸಹಸ್ರಮಾನದಲ್ಲೇ ಇಲ್ಲಿದ್ದದ್ದು ನಿಂತಿತು. ಒಂದು ವಾದವನ್ನು ಬಿಟ್ಟುಕೊಟ್ಟು ಇನ್ನೊಂದನ್ನು ಗಟ್ಟಿ ಮಾಡಿಕೊಳ್ಳುವ ಈ ಬಗೆಯನ್ನೇ ನಾನು ಅಧ್ಯಯನದ ಬೆಳವಣಿಗೆ ಎನ್ನುವುದು. ಕರಿಕಲಾದ ಕಾಳನ್ನು ಯಾರೂ ಬೇಕಾದಲ್ಲಿ ಕತ್ತರಿಸಿ ಓದಲಾಗದು.

ವಿಜಯಪುರದ ಓದುಗನಿಗೆ ಇದು ದೂರದ ಮಾತಲ್ಲ. ನಗರದ ಪಡುವಣಕ್ಕೆ ಭೂತನಾಳ, ತೊರವಿ ದಾಟಿ ತಿಕೋಟಾ, ಬಬಲೇಶ್ವರದ ಎರೆಹೊಲಗಳಲ್ಲಿ ಹಿಂಗಾರಿಗೆ ಬಿತ್ತುವ ಬಿಳಿಜೋಳ, ಅದರಲ್ಲೂ ಮಾಲದಂಡಿ, ದುರ್ರಾ ಎಂಬ ಗುಂಪಿಗೆ ಸೇರಿದ್ದು. ತೆನೆ ಒತ್ತಾಗಿ ಗುಂಡಗೆ ಬಿಗಿದುಕೊಂಡು, ಕೆಲವೊಮ್ಮೆ ದಂಟಿನ ಕುತ್ತಿಗೆ ಬಾಗಿ ಕೆಳಮುಖವಾಗಿ ತೂಗುವ ಜೋಳ ಇದು. ಹಸಿ ಆರದ ಎರೆಮಣ್ಣಿನ ತೇವವನ್ನೇ ಹೀರಿ, ಮಳೆ ನಿಂತ ಮೇಲೂ ಕಾಳು ಕಟ್ಟುತ್ತದೆ. ಹಾರ್ಲನ್ ಮತ್ತು ಡಿ ವೆಟ್ 1972ರಲ್ಲಿ ಜೋಳವನ್ನು ಗುಂಪುಗಳಾಗಿ ವಿಂಗಡಿಸಿದ ಮೇಲೆ ಬೆಳೆದುಬಂದ ತಿಳಿವಳಿಕೆಯ ಪ್ರಕಾರ, ಆಫ್ರಿಕದಿಂದ ಬಂದ ಜೋಳ ಭಾರತದಲ್ಲಿ ದುರ್ರಾ ರೂಪ ತಳೆದು ಮರಳಿ ಆಫ್ರಿಕಕ್ಕೆ ಹೋಗಿರುವ ಸಾಧ್ಯತೆ ಹೆಚ್ಚು. ಈಜಿಪ್ತಿನ ನೂಬಿಯದ ಕಸರ್ ಇಬ್ರಿಮ್ ಕೋಟೆಯ ಒಣ ಕಸದಲ್ಲಿ ಹಳೆಯ ಪದರಗಳಲ್ಲಿ ಬೇರೆ ಜೋಳ, ಮಧ್ಯಯುಗದ ಪದರಗಳಲ್ಲಿ ದುರ್ರಾ ಸಿಕ್ಕಿರುವುದು ಇದಕ್ಕೆ ಹೊಂದುತ್ತದೆ. ಮಗಳನ್ನು ಕೊಟ್ಟ ಮನೆಯಿಂದಲೇ ಸೊಸೆ ತಂದಂಥ ಸಂಬಂಧ ಇದು. ಇಷ್ಟು ಹಳೆಯ, ಇಷ್ಟು ಆಳದ ಒಡನಾಟವನ್ನು ಯಾವ ಪದಪಟ್ಟಿಯೂ ತೋರಿಸಿಕೊಡಲಿಲ್ಲ ಎಂಬುದನ್ನು ಹೋಲಿಕೆಯ ಪಕ್ಷದವರು ಗಮನಿಸಬೇಕು. ಬೆಳೆ ಕೈಯಿಂದ ಕೈಗೆ, ಬಂದರಿನಿಂದ ಬಂದರಿಗೆ ಬಂತು. ಕುಲ ಕಟ್ಟಿಕೊಂಡು ಜನವೇ ಎದ್ದು ಬಂದಿರಬೇಕಿಲ್ಲ.

ಜನವೂ ಬಂದರು, ಆದರೆ ಬಹಳ ತಡವಾಗಿ, ಮತ್ತು ತಮ್ಮ ಇಷ್ಟದಿಂದಲ್ಲ. ಇಥಿಯೋಪಿಯದ ಹೈದರನ್ನು ಹಿಡಿದು ಮಾರಿ, ಕೆಂಪುಸಮುದ್ರದ ಮೂಲಕ ದಖನ್ನಿನ ದರಬಾರುಗಳಿಗೆ ಸೈನಿಕ-ಗುಲಾಮರಾಗಿ ತಂದ ಕತೆ ಫಾರಸಿ ಇತಿಹಾಸಗಳಲ್ಲಿ ಹರಡಿಕೊಂಡಿದೆ. ವಿಜಯಪುರವನ್ನಾಳಿದ ಆದಿಲಶಾಹಿಯಲ್ಲಿ ಅವರು ಹಬಶಿಗಳು. 1580ರಲ್ಲಿ ಒಂದನೆಯ ಅಲಿ ಆದಿಲಶಾಹನ ಕೊಲೆಯಾದಾಗ ಪಟ್ಟಕ್ಕೆ ಬಂದ ಎರಡನೆಯ ಇಬ್ರಾಹಿಂ ಇನ್ನೂ ಹುಡುಗ. ಸಾತಾರಾದಲ್ಲಿ ಸೆರೆಯಿದ್ದ, ಅಲಿಯ ವಿಧವೆ ಚಾಂದಬೀಬಿಯನ್ನು ಬಿಡಿಸಿ ತಂದವರು ಇಖ್ಲಾಸ್ ಖಾನನ ಹಬಶಿ ಬಳಗ. ಬಳಿಕ ಅದೇ ಬಳಗದ ದಿಲಾವರ್ ಖಾನ್ 1582ರಿಂದ 1590ರವರೆಗೆ ರಾಜ್ಯವನ್ನೇ ಕೈಯಲ್ಲಿಟ್ಟುಕೊಂಡ. ಆ ಹೊತ್ತಿಗೇ ವಿಜಯಪುರಕ್ಕೆ ಬಂದ ಇತಿಹಾಸಕಾರ ಫೆರಿಶ್ತಾ ಇದನ್ನೆಲ್ಲ ಬರೆದಿಟ್ಟ. ಮಹಮ್ಮದ ಆದಿಲಶಾಹನ ಕಾಲದ ಇನ್ನೊಬ್ಬ ಇಖ್ಲಾಸ್ ಖಾನ್, ಅಂದರೆ ಮಲಿಕ್ ರೈಹಾನ್, ಮಂತ್ರಿಪದವಿಯವರೆಗೆ ಏರಿದ. ಸುಲ್ತಾನನ ಬೆನ್ನ ಹಿಂದೆ ಅದೇ ಆನೆಯ ಮೇಲೆ ಕೂತ ಅವನನ್ನು ಹೈದರ್ ಅಲಿ ಮತ್ತು ಇಬ್ರಾಹಿಂ ಖಾನ್ ಎಂಬ ಚಿತ್ರಕಾರರು ಚಿತ್ರಿಸಿದ್ದಾರೆ. ಅರ್ಜಿ ಹಿಡಿದು ನಿಂತ ಅವನ ಇನ್ನೊಂದು ಚಿತ್ರ ಅಮೆರಿಕದ ಸ್ಯಾನ್ ಡಿಯಾಗೊ ಕಲಾಸಂಗ್ರಹಾಲಯದಲ್ಲಿದೆ. ಇವು ಗುಲಾಮನೊಬ್ಬನ ಗುರುತಿಲ್ಲದ ಮುಖವಲ್ಲ, ಹೆಸರುಳ್ಳ ಅಧಿಕಾರಸ್ಥನ ಭಾವಚಿತ್ರಗಳು. 1660ರಲ್ಲಿ ಪನ್ಹಾಳಗಡದಲ್ಲಿ ಶಿವಾಜಿಯನ್ನು ಮುತ್ತಿದ ಸಿದ್ದಿ ಜೌಹರ್, ಆದಿಲಶಾಹಿಯ ಕೊನೆಗಾಲದಲ್ಲಿ ರಾಜ್ಯದ ಹೊಣೆ ಹೊತ್ತ ಸಿದ್ದಿ ಮಸೂದ್ ಇದೇ ಸಾಲಿನವರು. ಎರಡನೆಯ ಇಬ್ರಾಹಿಂನ ಗೋರಿಯಾದ ಇಬ್ರಾಹಿಂ ರೋಜಾದ ಫಾರಸಿ ಶಾಸನ ಅದರ ಕೆಲಸ ನಡೆಸಿದವನೆಂದು ಹೇಳುವ ಮಲಿಕ್ ಸಂದಲ್ ಕೂಡ ಹಬಶಿಯೇ ಎಂಬುದು ಹಲವು ಇತಿಹಾಸಕಾರರ ಅಭಿಪ್ರಾಯ.

ಮಲಿಕ್ ಅಂಬರನ ಬದುಕು ಈ ಇಡೀ ಸಮೀಕ್ಷೆಗೆ ಒಂದು ವಿಚಿತ್ರ ತಿರುವು ಕೊಡುತ್ತದೆ. 1548ರ ಸುಮಾರಿಗೆ ಇಥಿಯೋಪಿಯದಲ್ಲಿ ಹುಟ್ಟಿ, ಚಾಪು ಎಂಬ ಹೆಸರಿನ ಹುಡುಗನಾಗಿ ಮಾರಾಟವಾಗಿ, ಬಾಗ್ದಾದ್ ದಾಟಿ ಅಹಮದನಗರಕ್ಕೆ ಬಂದವನು. ಕೆಲಕಾಲ ವಿಜಯಪುರದ ಚಾಕರಿಯಲ್ಲಿದ್ದು 1595ರಲ್ಲಿ ಬಿಟ್ಟುಹೋದ. 1624ರಲ್ಲಿ ಭಾತವಡಿಯಲ್ಲಿ ಮೊಗಲ್ ಮತ್ತು ಆದಿಲಶಾಹಿ ಸೇನೆಗಳನ್ನು ಒಟ್ಟಿಗೆ ಸೋಲಿಸಿದ ಮೇಲೆ ಇತ್ತ ನುಗ್ಗಿ, ಇಬ್ರಾಹಿಂ 1599ರಿಂದ ತೊರವಿಯ ಬಳಿ ಕಟ್ಟಿಸುತ್ತಿದ್ದ ನವರಸಪುರವನ್ನು ಹಾಳುಗೆಡವಿದ. ತೊರವೆ ರಾಮಾಯಣದ ಹೆಸರು ಹೊತ್ತ ಊರಿನ ಪಕ್ಕದಲ್ಲಿ ಇಂದಿಗೂ ನಿಂತಿರುವ ಸಂಗೀತ ಮಹಲಿನ ಹಾಳುಗೋಡೆಗಳು ಆ ದಾಳಿಯನ್ನು ಕಂಡವು. ಇತಿಹಾಸಕಾರ ರಿಚರ್ಡ್ ಈಟನ್ ಹೇಳುವಂತೆ ಅಂಬರ್ ಕಂಬಾಟ ಸೀಮೆಯವನಾಗಿದ್ದರೆ ಅವನ ತಾಯ್ನುಡಿ ಕುಶಿಟಿಕ್ ಕವಲಿನದು, ಅಂದರೆ ಗ್ರೀನ್‌ಬರ್ಗ್ ಲೆಕ್ಕದಲ್ಲಿ ಪ್ರಾಚೀನ ಈಜಿಪ್ತಿನ ನುಡಿಯ ದಾಯಾದಿ. ಅತ್ತ ಓಂಬುರ್ಜೆಯವರು ದ್ರಾವಿಡದಲ್ಲಿ ಈಜಿಪ್ತನ್ನು ಹುಡುಕುತ್ತಿದ್ದರು. ಇತ್ತ ಈಜಿಪ್ತಿನ ನುಡಿಕುಟುಂಬದ ಮಗನೊಬ್ಬ ಭೂತನಾಳದ ಆಸುಪಾಸಿನಲ್ಲೇ ದಂಡು ಹೂಡಿಹೋಗಿದ್ದ.

ಆದರೆ ಆ ನುಡಿಯ ಒಂದು ಗುರುತೂ ವಿಜಯಪುರದ ಮಾತಿನಲ್ಲಿ ಎದ್ದು ಕಾಣುವುದಿಲ್ಲವಲ್ಲ, ಹಾಗಾದರೆ ಅದೆಂಥ ನಂಟು ಎಂದು ಕೇಳಬಹುದು. ಉತ್ತರ ಗುಲಾಮಗಿರಿಯ ರೀತಿಯಲ್ಲೇ ಇದೆ. ಎಳೆಯ ಹುಡುಗರನ್ನು ಒಬ್ಬೊಬ್ಬರನ್ನಾಗಿ ಕಿತ್ತು ತಂದು, ಹೆಸರು ಬದಲಿಸಿ, ಮತ ಬದಲಿಸಿ, ಫಾರಸಿ ಮತ್ತು ದಖನಿ ಮಾತಾಡುವ ಮನೆಗಳಲ್ಲಿ ಬೆಳೆಸಿದರು. ಬೇರೆ ಬೇರೆ ನುಡಿಯ ಹುಡುಗರಿಗೆ ಒಬ್ಬರಿಗೊಬ್ಬರ ಮಾತೂ ತಿಳಿಯುತ್ತಿರಲಿಲ್ಲ. ನುಡಿ ಉಳಿಯಲು ತಾಯಿ, ಮನೆ, ಕೇರಿ ಬೇಕು, ಅವರಿಗೆ ಇವಾವುವೂ ಇರಲಿಲ್ಲ. ಅವರು ಇಲ್ಲಿಯವರಾದದ್ದು ರಾಜಕಾರಣದಲ್ಲಿ: ಇರಾನಿನಿಂದ ಬಂದ ಅಫಾಕಿಗಳಿಗೆ ಎದುರಾಗಿ ದಖನಿ ಪಕ್ಷದಲ್ಲಿ ನಿಂತರು. ಈ ಮಾತನ್ನು ಅಧ್ಯಯನಲೋಕ ಅರಿತದ್ದೂ ನಿಧಾನವಾಗಿ. ಹೆನ್ರಿ ಕಸೆನ್ಸ್ 1916ರ ತಮ್ಮ ದೊಡ್ಡ ಗ್ರಂಥದಲ್ಲಿ ವಿಜಯಪುರದ ಕಟ್ಟಡಗಳನ್ನೆಲ್ಲ ಅಳೆದರು, ಆದರೆ ಹಬಶಿಗಳನ್ನು ಒಂದು ಸಮುದಾಯವಾಗಿ ನೋಡುವ ಕಣ್ಣು ಆಗ ಇರಲಿಲ್ಲ. 1971ರಲ್ಲಿ ಜೋಸೆಫ್ ಹ್ಯಾರಿಸ್ ಏಷ್ಯದಲ್ಲಿನ ಆಫ್ರಿಕನ್ನರ ಬಗ್ಗೆ ಬರೆದ ಮೇಲೆ ಹಾದಿ ತೆರೆಯಿತು. ಶಾಂತಿ ಸಾದಿಕ್ ಅಲಿ 1996ರಲ್ಲಿ ದಖನ್ನಿನ ಆಫ್ರಿಕನ್ನರ ಮೇಲೇ ಪುಸ್ತಕ ತಂದರು, ಈಟನ್ 2005ರಲ್ಲಿ ಅಂಬರನಿಗೆ ಅಧ್ಯಾಯವನ್ನೇ ಮೀಸಲಿಟ್ಟರು, 2013ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರ ಭಾರತದ ಆಫ್ರಿಕನ್ನರ ಬಗ್ಗೆ ಪ್ರದರ್ಶನ ಮಾಡಿತು. ವಿಜಯಪುರದ ಬಿಎಲ್‌ಡಿಇ ಸಂಸ್ಥೆಯ ಹಳಕಟ್ಟಿ ಸಂಶೋಧನ ಕೇಂದ್ರ ಎಂ.ಎಂ. ಕಲಬುರ್ಗಿಯವರ ನೇತೃತ್ವದಲ್ಲಿ ಆದಿಲಶಾಹಿ ಕಾಲದ ಫಾರಸಿ, ದಖನಿ ಕೃತಿಗಳನ್ನು ಕನ್ನಡಕ್ಕೆ ತರಿಸಿದ್ದರಿಂದ ಕನ್ನಡದ ಓದುಗನಿಗೂ ಈ ಬಾಗಿಲು ತೆರೆದಿದೆ.

ಉತ್ತರ ಕನ್ನಡದ ಸಿದ್ದಿಗಳ ಕತೆ ಇದಕ್ಕೆ ತಳಕು ಹಾಕಿಕೊಂಡಿದ್ದರೂ ಒಂದೇ ಅಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಾಡಂಚಿನ ಸಿದ್ದಿಗಳನ್ನು ಪಾಲಾಕ್ಷಪ್ಪನವರು 1976ರಲ್ಲಿ, ಸಿಪ್ರಿಯನ್ ಲೋಬೊ 1984ರಲ್ಲಿ ಅಧ್ಯಯನ ಮಾಡಿದರು. ಇವರಲ್ಲಿ ಹೆಚ್ಚಿನವರ ಹಿರಿಯರು ಪೋರ್ಚುಗೀಸ್ ಗೋವೆಯ ಗುಲಾಮಗಿರಿ ತಪ್ಪಿಸಿಕೊಂಡು ಘಟ್ಟ ಹತ್ತಿದವರು. ಮನೆಮಾತು ಬಹುಮಟ್ಟಿಗೆ ಕೊಂಕಣಿ, ಹೊರಗೆ ಕನ್ನಡ. ಢಮಾಮಿ ಕುಣಿತ ಉಳಿದಿದೆ, ಆಫ್ರಿಕದ ನುಡಿ ಉಳಿದಿಲ್ಲ. 2011ರ ತಳಿವಿಜ್ಞಾನದ ಅಧ್ಯಯನ ಭಾರತದ ಸಿದ್ದಿಗಳ ಆಫ್ರಿಕನ್ ಮೂಲವನ್ನು ಬಾಂಟೂ ಜನರಿಗೆ ಜೋಡಿಸಿತು. ಅಂದರೆ ಇಖ್ಲಾಸ್ ಖಾನನ ಮತ್ತು ಯಲ್ಲಾಪುರದ ಸಿದ್ದಿಯ ಪೂರ್ವಜರು ಒಂದೇ ಖಂಡದವರು, ಒಂದೇ ಜನದವರಾಗಿರಬೇಕಿಲ್ಲ. 'ಆಫ್ರಿಕನ್' ಎಂಬ ಒಂದೇ ಚೀಲದಲ್ಲಿ ಎಲ್ಲರನ್ನೂ ತುಂಬುವವರು ಹೋಲಿಕೆಯ ಹಳೆಯ ತಪ್ಪನ್ನೇ ಮಾಡುತ್ತಾರೆ. ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಅದು ಸಿಕ್ಕಿದ್ದು ಇಲ್ಲಿನ ಅವರ ಬಡತನ ಮತ್ತು ಹೋರಾಟದಿಂದ, ಯಾವ ಮೂಲನುಡಿಯ ಸಿದ್ಧಾಂತದಿಂದಲೂ ಅಲ್ಲ.

ಮುಂದಿನ ಕೆಲಸ ಎಲ್ಲಿದೆ ಎಂಬುದು ಇಷ್ಟರಿಂದ ಕಾಣುತ್ತದೆ. ಗೋವೆಯ ಪೋರ್ಚುಗೀಸ್ ಕಾಗದಗಳಲ್ಲಿ ಗುಲಾಮರ ಮಾರಾಟದ ದಾಖಲೆಗಳಿವೆ, ಆದಿಲಶಾಹಿಯ ಬಂದರಾಗಿದ್ದ ದಾಬೋಳದ ವ್ಯಾಪಾರದ ಸುಳಿವುಗಳು ಪ್ರವಾಸಿಗಳ ಬರಹಗಳಲ್ಲಿವೆ, ವಿಜಯಪುರದ ಗೋರಿ-ಮಸೀದಿಗಳ ಮೇಲೆ ಫಾರಸಿ ಶಾಸನಗಳಿವೆ, ವಿಜಯಪುರ ಸೀಮೆಯ ಡೋಣಿ ಹೊಳೆಯ ಮತ್ತು ಕೃಷ್ಣೆಯ ದಂಡೆಯ ಹಳೆಯ ದಿಬ್ಬಗಳ ಬೂದಿಯಲ್ಲಿ ಕಾಳುಗಳಿರಬಹುದು. ನಮ್ಮ ವಿಶ್ವವಿದ್ಯಾಲಯಗಳು ಆಫ್ರಿಕ-ಕನ್ನಡ ನಂಟಿನ ಬಗ್ಗೆ ಇನ್ನೊಂದು ಪದಪಟ್ಟಿಗೆ ಪಿಎಚ್.ಡಿ. ಕೊಡುವ ಮೊದಲು, ಫಾರಸಿ ಬಲ್ಲ ಒಬ್ಬ, ಪೋರ್ಚುಗೀಸ್ ಬಲ್ಲ ಒಬ್ಬ, ಸಸ್ಯಪುರಾತತ್ತ್ವ ಬಲ್ಲ ಒಬ್ಬ ಸಂಶೋಧಕರನ್ನು ಒಂದೇ ಯೋಜನೆಯಲ್ಲಿ ಕೂಡಿಸಲಿ, ಆ ಯೋಜನೆಯ ಕಚೇರಿಯನ್ನು ವಿಜಯಪುರದಲ್ಲೇ ಇಡಲಿ.